ಹೊಸ ಕಾರಿಗೂ ಹೊಗೆ ಶುಲ್ಕ ಯಾಕೆ?

ಪ್ರಶ್ನೆ: ಮಗಳು ಕ್ಯಾಲಿಫೋರ್ನಿಯಾದಲ್ಲಿದ್ದಾಳೆ. ಪೆಟ್ರೋಲ್ ಕಾರು ಕೊಂಡು ಮೂರು ವರ್ಷವಷ್ಟೇ. ಹೊಗೆ ಪರೀಕ್ಷೆ ಮಾಡಿಸಿಯೇ ಇಲ್ಲ. ಆದರೂ ರಿಜಿಸ್ಟ್ರೇಷನ್ ಬಿಲ್ಲಿನಲ್ಲಿ ‘ಸ್ಮಾಗ್ ಅಬೇಟ್‌ಮೆಂಟ್’ ಅಂತ 20 ಡಾಲರ್! ಇದು ಸುಮ್ನೆ ವಸೂಲಿ ಅಲ್ವಾ?
– ಓದುಗರೊಬ್ಬರು, ಮೈಸೂರು

ಉತ್ತರ: ಪರೀಕ್ಷೆ ಮಾಡಿಸದೇ ಇದ್ದದ್ದಕ್ಕೇ ಆ ಶುಲ್ಕ, ಅಮ್ಮ. ಅಲ್ಲಿ ಪೆಟ್ರೋಲ್ ಕಾರಿಗೆ ಮೊದಲ 8 ವರ್ಷ ಹೊಗೆ ಪರೀಕ್ಷೆಯಿಂದ ವಿನಾಯಿತಿ ಇದೆ. ಬದಲಿಗೆ ವರ್ಷಕ್ಕೆ 20 ಡಾಲರ್, ಕೊನೆಯ ಎರಡು ವರ್ಷ 25.

ಆ ದುಡ್ಡಿನಲ್ಲಿ ಒಂದು ಪಾಲು ‘ಕಾರ್ಲ್ ಮೋಯರ್’ ಯೋಜನೆಗೆ ಹೋಗುತ್ತದೆ. 1998ರಲ್ಲಿ ಶುರುವಾದದ್ದು. ಹಳೇ ಡೀಸೆಲ್ ಲಾರಿ, ಟ್ರ್ಯಾಕ್ಟರ್, ದೋಣಿಗಳ ಎಂಜಿನ್ ಬದಲಾಯಿಸುವವರಿಗೆ ಸಹಾಯಧನ ಕೊಡುತ್ತಾರೆ. ಒಂದು ಷರತ್ತಿದೆ: ಕಾನೂನು ಕೇಳುವುದಕ್ಕಿಂತ ಜಾಸ್ತಿ ಹೊಗೆ ತಗ್ಗಬೇಕು. ಹೊಸ ಟೈರು ಕೊಂಡಾಗ ಕಟ್ಟುವ ಶುಲ್ಕದಿಂದಲೂ ಇದಕ್ಕೆ ಹಣ ಬರುತ್ತದೆ. ಅಂದರೆ ನಿಮ್ಮ ಮಗಳ ಡಾಲರು ಯಾವುದೋ ರೈತನ ಟ್ರ್ಯಾಕ್ಟರಿನ ಕಪ್ಪು ಹೊಗೆ ನಿಲ್ಲಿಸುತ್ತಿರಬಹುದು. ನನಗೇನೋ ಇದು ನ್ಯಾಯ ಅನ್ನಿಸುತ್ತದೆ. ನಮ್ಮಲ್ಲೂ 15 ವರ್ಷ ದಾಟಿದ ಗಾಡಿಗೆ ಹಸಿರು ತೆರಿಗೆ ಇದೆ. ನನ್ನ ಹಳೇ ಸ್ಕೂಟರಿಗೆ ಕಟ್ಟಿದ್ದೇನೆ. ದುಡ್ಡು ಎಲ್ಲಿಗೆ ಹೋಯಿತೆಂದು ರಸೀದಿ ಹೇಳಲಿಲ್ಲ!

ಮುಂದಿನ ಸಲ ಎಲೆಕ್ಟ್ರಿಕ್ ಕಾರು ಕೊಂಡರೆ ಈ ಹೊಗೆ ಶುಲ್ಕ ಇರುವುದಿಲ್ಲ. ಆದರೆ ಪೆಟ್ರೋಲ್ ತೆರಿಗೆ ತಪ್ಪಿತಲ್ಲ, ಅದಕ್ಕೆ ರಸ್ತೆ ಶುಲ್ಕ ಅಂತ 100 ಡಾಲರಿಗಿಂತ ಜಾಸ್ತಿ ಕಟ್ಟಬೇಕು.