ಓದುಗರ ಪ್ರಶ್ನೆಗೆ ಉತ್ತರ: ಸೋಲಾರ್ ಪ್ಯಾನೆಲ್, ಬ್ಯಾಟರಿ ಮತ್ತು ನಡುವಿನ ವೈರಿಂಗ್

ಈ ಸಲ ಬಂದ ಪ್ರಶ್ನೆಗಳಲ್ಲಿ ಪ್ಯಾನೆಲ್ಲೇ ಕೆಟ್ಟಿದೆ ಎಂಬ ದೂರು ಒಂದೂ ಇಲ್ಲ. ತೊಂದರೆಯೆಲ್ಲ ಲೆಕ್ಕದಲ್ಲಿ, ಕೇಬಲ್‌ನಲ್ಲಿ, ಕನೆಕ್ಟರ್‌ನಲ್ಲಿ, ಬ್ಯಾಟರಿ ಸೆಟ್ಟಿಂಗ್‌ನಲ್ಲಿ. ಉತ್ತರಗಳೂ ಅಲ್ಲೇ ಹೆಚ್ಚು ಹೊತ್ತು ನಿಂತಿವೆ.

ಪ್ರಶ್ನೆ: ಮನೆಗೆ 3 ಕಿಲೋವ್ಯಾಟ್ ಸಾಕು ಎನ್ನುವವರಿದ್ದಾರೆ, 5 ಬೇಕು ಎನ್ನುವವರೂ ಇದ್ದಾರೆ. ಬ್ಯಾಟರಿ ಎಷ್ಟು ದೊಡ್ಡದಿರಬೇಕು ಎಂದು ನಾವೇ ಲೆಕ್ಕ ಹಾಕುವುದು ಹೇಗೆ?

ಉತ್ತರ: ಲೆಕ್ಕವನ್ನು ಪ್ಯಾನೆಲ್‌ನಿಂದ ಶುರು ಮಾಡಬೇಡಿ, ರಾತ್ರಿಯಿಂದ ಶುರು ಮಾಡಿ. ಬಿಸಿಲು ಇಳಿದ ಮೇಲೆ ಮರುದಿನ ಬಿಸಿಲೇರುವವರೆಗೆ ಏನೇನು ಎಷ್ಟು ಗಂಟೆ ಓಡುತ್ತದೆ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಉದಾಹರಣೆಗೆ 70 ವ್ಯಾಟ್‌ನ ಮೂರು ಫ್ಯಾನ್ 8 ಗಂಟೆ ತಿರುಗಿದರೆ 1680 ವ್ಯಾಟ್-ಅವರ್. 9 ವ್ಯಾಟ್‌ನ ಆರು ಎಲ್‌ಇಡಿ ಬಲ್ಬ್ 4 ಗಂಟೆಗೆ 216. ಟಿವಿ 240, ರೂಟರ್ 140, ಫ್ರಿಜ್‌ನ ರಾತ್ರಿಯ ಪಾಲು ಸುಮಾರು 600. ಒಟ್ಟು 2876, ಅಂದರೆ 2.9 ಯೂನಿಟ್ (1000 ವ್ಯಾಟ್-ಅವರ್‌ಗೆ 1 ಯೂನಿಟ್).

ಬಹಳ ಜನ ಇಲ್ಲಿಗೇ ಲೆಕ್ಕ ಮುಗಿಸುತ್ತಾರೆ. ಇದಕ್ಕೆ ಇನ್ನೂ ಎರಡು ಸಂಗತಿ ಸೇರಿಸಬೇಕು. ಇನ್ವರ್ಟರ್ ಬ್ಯಾಟರಿಯ ಡಿಸಿಯನ್ನು ಮನೆಗೆ ಬೇಕಾದ ಎಸಿ ಮಾಡುವಾಗ ಹೆಚ್ಚುಕಡಿಮೆ ಹತ್ತರಲ್ಲಿ ಒಂದು ಪಾಲು ಸೋರಿಹೋಗುತ್ತದೆ, ಹಾಗಾಗಿ 2.9 ಎಂಬುದು 3.2 ಆಗುತ್ತದೆ. ಎರಡನೆಯದು, ಯಾವ ಲೋಡ್ ಇಲ್ಲದಿದ್ದರೂ ಇನ್ವರ್ಟರ್ ತಾನೇ ತಿನ್ನುವ ಕರೆಂಟ್. 5 ಕಿಲೋವ್ಯಾಟ್‌ನ ಹೈಬ್ರಿಡ್ ಇನ್ವರ್ಟರ್ (ಪ್ಯಾನೆಲ್, ಬ್ಯಾಟರಿ, ಹೊರಗಿನ ಲೈನ್ ಮೂರನ್ನೂ ನಿಭಾಯಿಸುವಂಥದ್ದು) ಸುಮ್ಮನಿದ್ದಾಗಲೂ 50 ವ್ಯಾಟ್ ಎಳೆಯುವುದು ಸಾಮಾನ್ಯ. 14 ಗಂಟೆಗೆ ಅದೇ 0.7 ಯೂನಿಟ್! ಕೊಳ್ಳುವ ಮುನ್ನ ಕೈಪಿಡಿಯಲ್ಲಿ ಈ ಅಂಕಿ ಹುಡುಕಿ. ಈಗ ಬ್ಯಾಟರಿಯಿಂದ ಹೊರಬರಬೇಕಾದದ್ದು 3.9 ಯೂನಿಟ್.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಶೇ 80ರಷ್ಟು ಬಳಸುತ್ತೇವೆಂದು ಇಟ್ಟುಕೊಂಡರೆ 4.9 ಯೂನಿಟ್‌ನ ಪ್ಯಾಕ್ ಬೇಕು. 51.2 ವೋಲ್ಟ್, 100 ಎಎಚ್ (ಆಂಪಿಯರ್-ಅವರ್) ಪ್ಯಾಕ್‌ನಲ್ಲಿರುವುದು, ಎರಡನ್ನೂ ಗುಣಿಸಿದರೆ, 5.12 ಯೂನಿಟ್. ಸಾಲುತ್ತದೆ, ಆದರೆ ಅಂಚಿನಲ್ಲಿದೆ. ಲೆಡ್ ಆಸಿಡ್ ಆದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಆಗ 7.8 ಯೂನಿಟ್ ಬೇಕು. 12 ವೋಲ್ಟ್, 150 ಎಎಚ್‌ನ ನಾಲ್ಕು ಬ್ಯಾಟರಿಯಲ್ಲಿ 7.2 ಮಾತ್ರ. 200 ಎಎಚ್‌ನ ನಾಲ್ಕಕ್ಕೆ ಹೋಗಬೇಕು.

ಪ್ಯಾನೆಲ್ ಲೆಕ್ಕ ಕೊನೆಗೆ. ಬ್ಯಾಟರಿ ಮತ್ತೆ ತುಂಬಲು ನಷ್ಟ ಸೇರಿ 4.1, ಹಗಲಿನ ಬಳಕೆ 3 ಎಂದರೆ ದಿನಕ್ಕೆ 7.1 ಯೂನಿಟ್. ವರ್ಷದಲ್ಲಿ ಬಿಸಿಲು ಅತಿ ಕಡಿಮೆ ಇರುವ ತಿಂಗಳಲ್ಲಿ ನಿಮ್ಮಲ್ಲಿ ಪೂರ್ಣ ಬಿಸಿಲಿಗೆ ಸಮನಾದ ಗಂಟೆ ಎಷ್ಟು ಎಂದು ನೋಡಿ, ನಷ್ಟಗಳಿಗಾಗಿ 0.75ರಿಂದ ಗುಣಿಸಿ. ಬಿಸಿಲಿನ ಗಂಟೆ 3.5 ಎಂದಾದರೆ 1 ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ 2.6 ಯೂನಿಟ್ ಕೊಡುತ್ತದೆ, ನಿಮಗೆ 2.7 ಕಿಲೋವ್ಯಾಟ್ ಬೇಕು. 3 ಹಾಕಿಸಿ. ಮೋಡದ ದಿನಗಳಿಗಾಗಿ ಬ್ಯಾಟರಿಯನ್ನು ದುಪ್ಪಟ್ಟು ಮಾಡುವುದಕ್ಕಿಂತ ಒಂದೆರಡು ಪ್ಯಾನೆಲ್ ಹೆಚ್ಚು ಹಾಕುವುದು ಬಹುತೇಕ ಯಾವಾಗಲೂ ಜಾಣತನ. ಬಿಸಿಲಿಲ್ಲದೆ ದೊಡ್ಡ ಬ್ಯಾಟರಿಯೂ ತುಂಬುವುದಿಲ್ಲ.

ಪ್ರಶ್ನೆ: ತಾರಸಿಯ ಮೇಲೆ ಚುರುಚುರು ಬಿಸಿಲಿದ್ದರೂ ಕರೆಂಟ್ ಹೋದ ಕೂಡಲೇ ಸೋಲಾರ್ ಕೂಡ ನಿಂತುಬಿಡುತ್ತದೆ. ಇದು ದೋಷವೇ?

ಉತ್ತರ: ದೋಷವಲ್ಲ. ನಿಮ್ಮದು ಬ್ಯಾಟರಿಯಿಲ್ಲದೆ ಹೊರಗಿನ ಲೈನ್‌ಗೆ (ಗ್ರಿಡ್‌ಗೆ) ಜೋಡಿಸಿ ಓಡಿಸುವ ಗ್ರಿಡ್-ಟೈ ಇನ್ವರ್ಟರ್. ಹೊರಗಿನ ಲೈನ್ ಸತ್ತಾಗ ಅದು ನಿಲ್ಲಲೇಬೇಕು, ಇಲ್ಲದಿದ್ದರೆ ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ನಿಮ್ಮ ಮನೆಯಿಂದಲೇ ಶಾಕ್ ಹೊಡೆಯುತ್ತದೆ. ಕರೆಂಟ್ ಇಲ್ಲದಾಗಲೂ ಓಡಬೇಕೆಂದರೆ ಹೈಬ್ರಿಡ್ ಇನ್ವರ್ಟರ್, ಬ್ಯಾಟರಿ, ಮತ್ತು ಅಗತ್ಯದ ಲೋಡ್‌ಗಳಿಗೆಂದೇ ಪ್ರತ್ಯೇಕ ಡಿಬಿ (ವಿದ್ಯುತ್ ಹಂಚುವ ಪೆಟ್ಟಿಗೆ) ಬೇಕು. ಆ ಡಿಬಿಯ ನ್ಯೂಟ್ರಲ್ ಮನೆಯ ಉಳಿದ ನ್ಯೂಟ್ರಲ್‌ನೊಂದಿಗೆ ಎಲ್ಲಿಯೂ ಬೆರೆಯಬಾರದು. ಹಳೆಯ ವೈರಿಂಗ್‌ನಲ್ಲಿ ಎರಡು ಕೋಣೆಗೆ ಒಂದೇ ನ್ಯೂಟ್ರಲ್ ಎಳೆದಿರುತ್ತಾರೆ. ಹೈಬ್ರಿಡ್ ಹಾಕಿದ ದಿನವೇ ಆರ್‌ಸಿಸಿಬಿ (ಸೋರಿಕೆ ಕಂಡರೆ ಕರೆಂಟ್ ಕಡಿಯುವ ಸ್ವಿಚ್) ಪದೇಪದೇ ಬಿದ್ದರೆ ಮೊದಲು ಹುಡುಕಬೇಕಾದದ್ದು ಇದನ್ನೇ.

ಪ್ರಶ್ನೆ: ಇನ್ವರ್ಟರ್‌ನ ಗರಿಷ್ಠ ಡಿಸಿ 500 ವೋಲ್ಟ್. ಪ್ಯಾನೆಲ್‌ನ ಓಪನ್ ಸರ್ಕ್ಯೂಟ್ ವೋಲ್ಟೇಜ್ (ಲೋಡ್ ಇಲ್ಲದಾಗಿನದು) 49.5. ಸರಣಿಯಲ್ಲಿ ಜೋಡಿಸಿದ ಹತ್ತು ಪ್ಯಾನೆಲ್‌ಗೆ 495 ವೋಲ್ಟ್ ಆಗುತ್ತದೆ, ತೊಂದರೆಯಿಲ್ಲ ಎನ್ನುತ್ತಾರೆ. ಸರಿಯೇ?

ಉತ್ತರ: ತಪ್ಪು. ಇದರಿಂದ ಇನ್ವರ್ಟರ್ ಸುಟ್ಟರೆ ವಾರಂಟಿಯೂ ಸಿಗುವುದಿಲ್ಲ. ಲೇಬಲ್ ಮೇಲಿನ 49.5 ಎಂಬುದು ಸೆಲ್ 25 ಡಿಗ್ರಿಯಲ್ಲಿದ್ದಾಗಿನ ಅಳತೆ. ಸೆಲ್ ತಣ್ಣಗಾದಷ್ಟೂ ವೋಲ್ಟೇಜ್ ಏರುತ್ತದೆ. ಡೇಟಾಶೀಟ್‌ನಲ್ಲಿ ಡಿಗ್ರಿಗೆ ಶೇ 0.27 ಎಂದಿದ್ದರೆ, ಮುಂಜಾನೆ 5 ಡಿಗ್ರಿ ಚಳಿಯಲ್ಲಿ ಶೇ 5.4 ಹೆಚ್ಚು. ಹತ್ತು ಪ್ಯಾನೆಲ್ 522 ವೋಲ್ಟ್ ತಲುಪುತ್ತವೆ. ಒಂಬತ್ತಾದರೆ 470ರ ಆಸುಪಾಸು, ನೆಮ್ಮದಿ. ನಿಮ್ಮಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ ಹಾಕಿ ಲೆಕ್ಕ ಮಾಡಿ. ಬೆಳಗಿನ ಮೊದಲ ಬೆಳಕು ಬಿದ್ದಾಗ ಪ್ಯಾನೆಲ್ ತಣ್ಣಗಿರುತ್ತದೆ, ಇನ್ವರ್ಟರ್ ಇನ್ನೂ ಲೋಡ್ ಎಳೆಯುತ್ತಿರುವುದಿಲ್ಲ. ಅಪಾಯದ ಹೊತ್ತು ಅದು.

ಪ್ರಶ್ನೆ: ಮಳೆ ಬಂದ ಮರುದಿನ ಬೆಳಿಗ್ಗೆ ಇನ್ವರ್ಟರ್ 'ಪಿವಿ ಐಸೋಲೇಷನ್ ಲೋ' ಎಂದು ತೋರಿಸಿ ನಿಲ್ಲುತ್ತದೆ. ಹನ್ನೊಂದರ ಹೊತ್ತಿಗೆ ತಾನಾಗಿಯೇ ಸರಿಹೋಗುತ್ತದೆ. ಸುಮ್ಮನೆ ಬಿಡಬಹುದೇ? ಒಂದು ಸಾಲಿನಲ್ಲಿ ಒಂಬತ್ತು ಪ್ಯಾನೆಲ್ ಇವೆ.

ಉತ್ತರ: ಬಿಡಬೇಡಿ. ಡಿಸಿ ಕೇಬಲ್‌ನ ತಾಮ್ರ ಎಲ್ಲೋ ನೀರಿನ ಮೂಲಕ ಅರ್ಥ್‌ಗೆ ತಾಗುತ್ತಿದೆ. ಇಂದು ಒಂದು ಕಡೆ ತಾಗಿದೆ. ನಾಳೆ ಇನ್ನೊಂದು ಕಡೆಯೂ ತಾಗಿದರೆ ನಡುವೆ ಆರ್ಕ್ ಹೊತ್ತಿಕೊಳ್ಳುತ್ತದೆ. ಎಸಿಯ ಕಿಡಿ ಪ್ರತಿ ಅರ್ಧ ಸೈಕಲ್‌ಗೆ ಸೊನ್ನೆಗೆ ಬಂದು ಆರುತ್ತದೆ, ಡಿಸಿಯ ಕಿಡಿಗೆ ಆ ಸೊನ್ನೆಯೇ ಇಲ್ಲ.

ದೋಷ ಇರುವಾಗಲೇ ಹುಡುಕಬೇಕು, ಅಂದರೆ ತೇವ ಆರುವ ಮುಂಚೆ. ಇದು 1000 ವೋಲ್ಟ್ ಡಿಸಿಗೆ ತಕ್ಕ ಮೀಟರ್, ಇನ್ಸುಲೇಟೆಡ್ ಕೈಗವಸು ಇರುವ ತಂತ್ರಜ್ಞರ ಕೆಲಸ. ಆದರೆ ಕ್ರಮ ನಿಮಗೂ ಗೊತ್ತಿದ್ದರೆ ಒಳ್ಳೆಯದು. ಮೊದಲು ಎಸಿ ಆಫ್, ಆಮೇಲೆ ಡಿಸಿ ಐಸೋಲೇಟರ್ (ಪ್ಯಾನೆಲ್ ಕಡೆಯ ಸ್ವಿಚ್) ಆಫ್, ಇನ್ವರ್ಟರ್ ಮೇಲೆ ಬರೆದಷ್ಟು ನಿಮಿಷ ಕಾಯಬೇಕು. ಕ್ಲಾಂಪ್ ಮೀಟರ್‌ನಲ್ಲಿ ಕರೆಂಟ್ ಸೊನ್ನೆ ಎಂದು ಖಾತ್ರಿಯಾದ ಮೇಲೆಯೇ ಪ್ಯಾನೆಲ್ ಕೇಬಲ್‌ಗಳನ್ನು ಸೇರಿಸುವ ಎಂಸಿ4 ಕನೆಕ್ಟರ್ ಬಿಚ್ಚಬೇಕು. ಈಗ ಸಾಲಿನ ಎರಡು ತುದಿಗಳ ನಡುವಿನ ವೋಲ್ಟೇಜ್, ನಂತರ ಪಾಸಿಟಿವ್‌ನಿಂದ ಅರ್ಥ್‌ಗೆ, ನೆಗೆಟಿವ್‌ನಿಂದ ಅರ್ಥ್‌ಗೆ ಅಳೆಯಬೇಕು. ಆರೋಗ್ಯವಂತ ಸಾಲಿನಲ್ಲಿ ಅರ್ಥ್‌ನ ಎರಡೂ ಅಳತೆಗಳು ಕ್ಷಣದಲ್ಲಿ ಸೊನ್ನೆಯತ್ತ ಇಳಿಯುತ್ತವೆ. ಇಳಿಯದೆ ನಿಂತರೆ ಆ ಅಂಕಿಯೇ ದೋಷದ ವಿಳಾಸ. ಒಟ್ಟು 440 ವೋಲ್ಟ್ ಇದ್ದು, ಪಾಸಿಟಿವ್‌ನಿಂದ ಅರ್ಥ್‌ಗೆ 147, ನೆಗೆಟಿವ್‌ನಿಂದ 293 ಬಂತೆನ್ನಿ. ಪ್ಯಾನೆಲ್ ಒಂದಕ್ಕೆ 49 ವೋಲ್ಟ್, 147 ಎಂದರೆ ಮೂರು ಪ್ಯಾನೆಲ್. ಪಾಸಿಟಿವ್ ತುದಿಯಿಂದ ಮೂರನೆಯ ಮತ್ತು ನಾಲ್ಕನೆಯ ಪ್ಯಾನೆಲ್ ನಡುವಿನ ಕೇಬಲ್ ಎತ್ತಿ ನೋಡಿ.

ಅಲ್ಲಿ ಸಾಮಾನ್ಯವಾಗಿ ಸಿಗುವುದು ಮೂರರಲ್ಲಿ ಒಂದು: ನೀರು ನಿಲ್ಲುವ ಜಾಗದಲ್ಲಿ ಬಿದ್ದಿರುವ ಕನೆಕ್ಟರ್, ಕ್ಲಾಂಪ್‌ನಡಿ ಸಿಕ್ಕಿ ಜಜ್ಜಿದ ಕೇಬಲ್, ಇಲ್ಲವೇ ಇಲಿ ಕಡಿದ ಗುರುತು. ಕನೆಕ್ಟರ್‌ನ ಹಿಂಬದಿಯ ನಟ್ ಬಿಗಿಯಾಗಿರದಿದ್ದರೆ ನೀರು ಕೇಬಲ್ ಗುಂಟವೇ ಒಳಗೆ ಇಳಿಯುತ್ತದೆ. ಒಂದು ಕಂಪನಿಯ ಗಂಡು ಕನೆಕ್ಟರ್‌ಗೆ ಇನ್ನೊಂದು ಕಂಪನಿಯ ಹೆಣ್ಣು ಕನೆಕ್ಟರ್ 'ಕ್ಲಿಕ್' ಎಂದು ಕೂತರೂ ಒಪ್ಪಬೇಡಿ. ಒಳಗಿನ ಸಂಪರ್ಕ ಸಡಿಲವಿದ್ದು ಬಿಸಿಯಾಗಿ ಕರಗುತ್ತದೆ. ಎರಡೂ ಬದಿ ಕತ್ತರಿಸಿ ಒಂದೇ ತಯಾರಿಕೆಯದನ್ನು ಸರಿಯಾದ ಕ್ರಿಂಪಿಂಗ್ ಟೂಲ್‌ನಲ್ಲಿ ಒತ್ತಿಸಿ. ಕಟಿಂಗ್ ಪ್ಲೇಯರ್‌ನಲ್ಲಿ ಒತ್ತಿದ್ದು ಕ್ರಿಂಪ್ ಅಲ್ಲ. ಕೊನೆಗೆ 500 ವೋಲ್ಟ್ ಮೆಗ್ಗರ್‌ನಲ್ಲಿ (ಇನ್ಸುಲೇಷನ್ ಅಳೆಯುವ ಮೀಟರ್) ಕನಿಷ್ಠ 1 ಮೆಗಾಓಮ್ ಬಂದರೆ ಮಾತ್ರ ಸಾಲನ್ನು ಮತ್ತೆ ಜೋಡಿಸಬೇಕು.

ಪ್ರಶ್ನೆ: ಹೊಲಿಗೆ ಅಂಗಡಿಗೆ 5 ಕಿಲೋವ್ಯಾಟ್ ಹಾಕಿಸಿದ್ದೇವೆ. ಮಧ್ಯಾಹ್ನ 'ಗ್ರಿಡ್ ಓವರ್ ವೋಲ್ಟೇಜ್' ಎಂದು ದಿನಕ್ಕೆ ಹಲವು ಸಲ ನಿಲ್ಲುತ್ತದೆ. ಇನ್ವರ್ಟರ್ ಬದಲಿಸಬೇಕೇ?

ಉತ್ತರ: ಇನ್ವರ್ಟರ್ ಮುಟ್ಟುವ ಮೊದಲು ಅದರಿಂದ ಮೀಟರ್‌ವರೆಗಿನ ಎಸಿ ಕೇಬಲ್ ನೋಡಿ. ಕರೆಂಟನ್ನು ಹೊರಗೆ ತಳ್ಳಬೇಕಾದರೆ ಇನ್ವರ್ಟರ್ ತನ್ನ ತುದಿಯಲ್ಲಿ ವೋಲ್ಟೇಜ್ ಏರಿಸಲೇಬೇಕು. ಕೇಬಲ್ ತೆಳುವಾದಷ್ಟೂ ಹೆಚ್ಚು ಏರಿಸಬೇಕು. 5 ಕಿಲೋವ್ಯಾಟ್ ಸಿಂಗಲ್ ಫೇಸ್, 230 ವೋಲ್ಟ್‌ನಲ್ಲಿ ಸುಮಾರು 22 ಆಂಪಿಯರ್. 30 ಮೀಟರ್ ದೂರಕ್ಕೆ 4 ಚದರ ಮಿಲಿಮೀಟರ್ ತಾಮ್ರ ಎಳೆದಿದ್ದರೆ ಹೋಗಿಬರುವ ದಾರಿಯ ಪ್ರತಿರೋಧ 0.28 ಓಮ್, ಏರಿಕೆ 6 ವೋಲ್ಟ್. 10 ಚದರ ಮಿಲಿಮೀಟರ್ ಹಾಕಿದರೆ ಅದೇ ಏರಿಕೆ 2.4 ವೋಲ್ಟ್‌ಗೆ ಇಳಿಯುತ್ತದೆ.

ನಿಜ ತಿಳಿಯಲು ಮಧ್ಯಾಹ್ನ ಪ್ಲಾಂಟ್ ಪೂರ್ತಿ ಓಡುವಾಗ ಇನ್ವರ್ಟರ್ ತುದಿಯಲ್ಲಿ, ಮೀಟರ್ ತುದಿಯಲ್ಲಿ ವೋಲ್ಟೇಜ್ ಅಳೆಯಿಸಿ. ಎರಡರ ವ್ಯತ್ಯಾಸ ದೊಡ್ಡದಿದ್ದರೆ ಕೇಬಲ್ ಅಥವಾ ಸಡಿಲ ಟರ್ಮಿನಲ್ ಕಾರಣ. ಇನ್ವರ್ಟರ್ ಆಫ್ ಮಾಡಿದರೂ ಮೀಟರ್ ಬಳಿಯೇ ವೋಲ್ಟೇಜ್ ಹೆಚ್ಚಿದ್ದರೆ ಅದು ಟ್ರಾನ್ಸ್‌ಫಾರ್ಮರ್‌ನ ವೋಲ್ಟೇಜ್ ಹೊಂದಿಸುವ ಟ್ಯಾಪ್ ವಿಷಯ, ವಿದ್ಯುತ್ ಪೂರೈಸುವವರಿಗೆ ಬರೆದುಕೊಡಿ. ಇನ್ವರ್ಟರ್‌ನ ಮಿತಿಯನ್ನೇ ಏರಿಸಿ 'ಸರಿ ಮಾಡಿದೆವು' ಎನ್ನುವವರಿಗೆ ಕೆಲಸ ಕೊಡಬೇಡಿ. ಆ ಹೆಚ್ಚಿನ ವೋಲ್ಟೇಜನ್ನು ತಿನ್ನುವುದು ನಿಮ್ಮ ಅಂಗಡಿಯ ಯಂತ್ರಗಳೇ.

ಪ್ರಶ್ನೆ: 3 ಕಿಲೋವ್ಯಾಟ್ ಪ್ಲಾಂಟ್ ನಡು ಮಧ್ಯಾಹ್ನವೂ 2.4 ದಾಟುವುದಿಲ್ಲ. ಮೋಸವೇ?

ಉತ್ತರ: ಮೋಸವಲ್ಲ. ಬಿಸಿಲಲ್ಲಿ ಸೆಲ್ 65 ಡಿಗ್ರಿ ಮುಟ್ಟುತ್ತದೆ. ಡಿಗ್ರಿಗೆ ಶೇ 0.35ರಂತೆ ಲೇಬಲ್‌ನ 25ಕ್ಕಿಂತ ಹೆಚ್ಚಿನ 40 ಡಿಗ್ರಿಗೆ ಶೇ 14 ಅಲ್ಲೇ ಹೋಯಿತು. ಉಳಿದದ್ದು ಧೂಳು, ಕೇಬಲ್, ಇನ್ವರ್ಟರ್ ನಷ್ಟ. ಪ್ಯಾನೆಲ್ ಕೆಳಗೆ ಗಾಳಿಯಾಡಲು ಜಾಗ ಬಿಡಿ. ಬೆಳಗ್ಗೆ ಗಾಜು ಬಿಸಿಯೇರುವ ಮುನ್ನ ತೊಳೆಯಿರಿ.

ಪ್ರಶ್ನೆ: ನಾಲ್ಕು ಲೆಡ್ ಆಸಿಡ್ ಬ್ಯಾಟರಿಗಳಲ್ಲಿ ಒಂದು ಸತ್ತಿದೆ. ಅದೊಂದನ್ನೇ ಹೊಸದು ಹಾಕಬಹುದೇ? ಅಥವಾ ಲಿಥಿಯಂಗೆ ಹೋದರೆ ಹಳೆಯ ಇನ್ವರ್ಟರ್ ಸಾಕೇ?

ಉತ್ತರ: ಮೂರು ವರ್ಷ ಹಳೆಯ ಮೂರರ ಜೊತೆ ಸರಣಿಯಲ್ಲಿ ಒಂದು ಹೊಸದು ಕೂರಿಸಿದರೆ, ಡಿಸ್ಚಾರ್ಜ್ ಆಗುವಾಗ ಹಳೆಯವು ಮೊದಲು ಬರಿದಾಗುತ್ತವೆ. ಚಾರ್ಜ್ ಆಗುವಾಗ ಹಳೆಯವು ಬೇಗ ತುಂಬಿ ಕುದಿಯುತ್ತವೆ, ಹೊಸದು ಪೂರ್ತಿ ತುಂಬುವುದೇ ಇಲ್ಲ. ಕೆಲವೇ ತಿಂಗಳಲ್ಲಿ ಹೊಸದೂ ಹಳೆಯದರ ಮಟ್ಟಕ್ಕೆ ಇಳಿಯುತ್ತದೆ. ನಾಲ್ಕನ್ನೂ ಒಟ್ಟಿಗೆ ಬದಲಿಸಿ.

ಲಿಥಿಯಂಗೆ ಹೋಗುವುದಾದರೆ ಚಾರ್ಜಿಂಗ್ ಸೆಟ್ಟಿಂಗ್ ಬದಲಾಗಲೇಬೇಕು. 51.2 ವೋಲ್ಟ್ ಪ್ಯಾಕ್‌ನಲ್ಲಿ 3.2 ವೋಲ್ಟ್‌ನ 16 ಸೆಲ್‌ಗಳಿವೆ. ಒಂದಕ್ಕೆ 3.5 ವೋಲ್ಟ್‌ನಂತೆ 56 ವೋಲ್ಟ್ ಚಾರ್ಜಿಂಗ್‌ಗೆ, 54ರ ಆಸುಪಾಸು ಫ್ಲೋಟ್‌ಗೆ (ತುಂಬಿದ ಮೇಲೆ ಹಾಗೇ ಉಳಿಸುವುದಕ್ಕೆ) ಸಾಕು. ತಯಾರಕರು ಬೇರೆ ಹೇಳಿದ್ದರೆ ಅದೇ ಅಂತಿಮ. ಲೆಡ್ ಆಸಿಡ್‌ಗೆಂದು ಇರುವ ಈಕ್ವಲೈಸೇಷನ್ (ಹೆಚ್ಚು ವೋಲ್ಟೇಜ್ ಕೊಟ್ಟು ಸೆಲ್‌ಗಳನ್ನು ಸಮ ಮಾಡುವುದು) ಅನ್ನು ಕಡ್ಡಾಯವಾಗಿ ಆಫ್ ಮಾಡಿ. ಅದು 58 ವೋಲ್ಟ್ ದಾಟಿದ ಕೂಡಲೇ ಪ್ಯಾಕ್‌ನ ಬಿಎಂಎಸ್ (ಸೆಲ್‌ಗಳನ್ನು ಕಾಯುವ ಸರ್ಕ್ಯೂಟ್) ಬ್ಯಾಟರಿಯನ್ನು ಕಡಿದುಹಾಕುತ್ತದೆ, ಮನೆ ಕತ್ತಲಾಗುತ್ತದೆ. ಈ ಆಯ್ಕೆ ಕೊಡದ ಹಳೆಯ ಇನ್ವರ್ಟರ್ ಆದರೆ ಲಿಥಿಯಂ ಜೋಡಿಸಬೇಡಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಈ ಸೆಲ್‌ಗಳನ್ನು ಚಾರ್ಜ್ ಮಾಡಬಾರದು ಎಂಬುದೂ ನೆನಪಿರಲಿ.

ಎರಡು ಪ್ಯಾಕ್ ಸಮಾನಾಂತರವಾಗಿ ಜೋಡಿಸುವಾಗ ಪಾಸಿಟಿವನ್ನು ಮೊದಲ ಪ್ಯಾಕ್‌ನಿಂದ, ನೆಗೆಟಿವನ್ನು ಎರಡನೆಯದರಿಂದ ಇನ್ವರ್ಟರ್‌ಗೆ ತನ್ನಿ. ಎರಡೂ ಒಂದೇ ಪ್ಯಾಕ್‌ನಿಂದ ಬಂದರೆ ಆ ಪ್ಯಾಕೇ ಹೆಚ್ಚು ದುಡಿದು ಬೇಗ ಸವೆಯುತ್ತದೆ. ಜೋಡಿಸುವ ಮುನ್ನ ಎರಡನ್ನೂ ಪ್ರತ್ಯೇಕವಾಗಿ ಪೂರ್ತಿ ಚಾರ್ಜ್ ಮಾಡಿ. ಚಾರ್ಜ್ ಮಟ್ಟ ಬೇರೆಬೇರೆ ಇದ್ದರೆ ಒಂದರಿಂದ ಇನ್ನೊಂದಕ್ಕೆ ಕರೆಂಟ್ ನುಗ್ಗುತ್ತದೆ.

ಪ್ರಶ್ನೆ: 1 ಎಚ್‌ಪಿ ನೀರಿನ ಮೋಟಾರ್ ಚಾಲೂ ಮಾಡಿದರೆ 3 ಕಿಲೋವ್ಯಾಟ್ ಹೈಬ್ರಿಡ್ ಟ್ರಿಪ್ ಆಗುತ್ತದೆ. ಮೋಟಾರ್ 746 ವ್ಯಾಟ್ ತಾನೇ?

ಉತ್ತರ: 746 ವ್ಯಾಟ್ ಎಂಬುದು ಶಾಫ್ಟ್‌ನಲ್ಲಿ ಸಿಗುವ ಶಕ್ತಿ. ಸಿಂಗಲ್ ಫೇಸ್ ಮೋಟಾರ್ ಅದಕ್ಕಾಗಿ ಸುಮಾರು 1100 ವ್ಯಾಟ್ ಎಳೆಯುತ್ತದೆ, ಚಾಲೂ ಆಗುವ ಕ್ಷಣದಲ್ಲಿ ಕರೆಂಟ್ ಐದಾರು ಪಟ್ಟು. ನಿಮ್ಮ ಇನ್ವರ್ಟರ್ ಒಂದೆರಡು ಸೆಕೆಂಡ್ ದುಪ್ಪಟ್ಟು ತಾಳಬಹುದು, ಆದರೆ ಬ್ಯಾಟರಿ ತಾಳುತ್ತದೆಯೇ ನೋಡಿ. 50 ಆಂಪಿಯರ್ ಮಿತಿಯ 51.2 ವೋಲ್ಟ್ ಪ್ಯಾಕ್ ಸತತವಾಗಿ ಕೊಡುವುದು 2.5 ಕಿಲೋವ್ಯಾಟ್ ಮಾತ್ರ. ಟ್ರಿಪ್ ಆದದ್ದು ಇನ್ವರ್ಟರೋ ಬಿಎಂಎಸ್ಸೋ ಎಂದು ಎರಡರ ದೋಷ ಸಂಕೇತವನ್ನೂ ಓದಿ.

ಸುಲಭದ ದಾರಿ ಎಂದರೆ ಮೋಟಾರನ್ನು ಬ್ಯಾಕಪ್ ಡಿಬಿಯಿಂದ ತೆಗೆದು ಗ್ರಿಡ್ ಕಡೆಗೆ ಕೊಟ್ಟು, ಟೈಮರ್ ಹಾಕಿ ಬಿಸಿಲಿರುವಾಗ ಓಡಿಸುವುದು. ಬಿಸಿಲಿನ ಉತ್ಪಾದನೆ ಹೇಗೂ ಅದಕ್ಕೆ ಸಲ್ಲುತ್ತದೆ. ಕರೆಂಟ್ ಇಲ್ಲದಾಗಲೂ ನೀರು ಬೇಕೇಬೇಕೆಂದರೆ ತ್ರೀ ಫೇಸ್ ಮೋಟಾರ್ ಹಾಕಿ, ಸಿಂಗಲ್ ಫೇಸ್ ಒಳಗೆ ತೆಗೆದುಕೊಂಡು ತ್ರೀ ಫೇಸ್ ಹೊರಗೆ ಕೊಡುವ ವಿಎಫ್‌ಡಿ (ಮೋಟಾರ್ ವೇಗ ನಿಯಂತ್ರಿಸುವ ಸಾಧನ) ಮೂಲಕ ನಿಧಾನವಾಗಿ ವೇಗ ಏರಿಸಿ. ಆಗ ಆರಂಭದ ಎಳೆತ ಬಹುಪಾಲು ಮಾಯ. ಮೋಟಾರ್ ಪ್ಲೇಟ್ ಮೇಲಿನ ವೋಲ್ಟೇಜ್‌ಗೂ ವಿಎಫ್‌ಡಿ ಕೊಡುವ ವೋಲ್ಟೇಜ್‌ಗೂ ಹೊಂದಾಣಿಕೆ ಇದೆಯೇ, ಸ್ಟಾರ್ ಕನೆಕ್ಷನ್ ಬೇಕೋ ಡೆಲ್ಟಾ ಬೇಕೋ ಎಂದು ಕೊಳ್ಳುವ ಮೊದಲೇ ಖಚಿತಪಡಿಸಿಕೊಳ್ಳಿ. ಕೆಪಾಸಿಟರ್ ಇರುವ ನಿಮ್ಮ ಈಗಿನ ಮೋಟಾರನ್ನು ಮಾತ್ರ ವಿಎಫ್‌ಡಿಗೆ ಜೋಡಿಸಬೇಡಿ, ಎರಡೂ ಹಾಳಾಗಬಹುದು.