ಜೇನ್ ಆಸ್ಟಿನ್ ಕುರಿತ ಲೇಖನಕ್ಕೆ ಸಂಪಾದಕರ ಉತ್ತರ

ಮಾನ್ಯರೇ, ನಮಸ್ಕಾರ.

ಕುಮಟೆಯಿಂದ ನೀವು ಕಳುಹಿಸಿದ ‘ಶಾಲೆಯ ಹಂಗಿಲ್ಲದ ಪ್ರತಿಭೆ’ ಲೇಖನವನ್ನು ಎರಡು ಸಲ ಓದಿದೆ. ಈಗಿನ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ನೀವು ತಿದ್ದಿ ಕಳುಹಿಸಬೇಕೆಂಬುದು ಮಾತ್ರ ನನ್ನ ಮನಃಪೂರ್ವಕ ಅಪೇಕ್ಷೆ.

ಇಂಗ್ಲಿಷ್ ಕಾದಂಬರಿಗಾರ್ತಿ ಜೇನ್ ಆಸ್ಟಿನ್ ಯಾರಿಂದಲೂ ಕಲಿಯದೆ ತಾನಾಗಿಯೇ ಅರಳಿದವಳು ಎಂದು ಬರೆದಿದ್ದೀರಿ. ಆಕೆಯ ಶಾಲೆ 1786ರಲ್ಲಿ, ಹನ್ನೊಂದು ತುಂಬುವ ಹೊತ್ತಿಗೆ, ಮುಗಿಯಿತೆಂಬುದು ನಿಜ. ಆದರೆ ಇಂಗ್ಲೆಂಡಿನ ಸ್ಟೀವೆಂಟನ್ ಹಳ್ಳಿಯ ಆಕೆಯ ಮನೆಯಲ್ಲಿ ಪಾದ್ರಿಯಾಗಿದ್ದ ತಂದೆ ಹುಡುಗರನ್ನು ಇಟ್ಟುಕೊಂಡು ಪಾಠ ಹೇಳುತ್ತಿದ್ದರು. ಅವರ ಐನೂರು ಪುಸ್ತಕಗಳ ಸಂಗ್ರಹ ಮಗಳ ಕೈಗೂ ಎಟುಕುತ್ತಿತ್ತು. ಒಡಹುಟ್ಟಿದವರು ಧಾನ್ಯದ ಕೊಟ್ಟಿಗೆಯಲ್ಲಿ ನಾಟಕವಾಡುತ್ತಿದ್ದರು. ತಮ್ಮ ಮನೆಯವರು ಬಹಳ ಕಾದಂಬರಿ ಓದುವವರು, ಅದಕ್ಕೆ ನಾಚುವವರಲ್ಲ ಎಂದು 1798ರ ಪತ್ರದಲ್ಲಿ ಆಕೆಯೇ ಹೇಳಿದ್ದಾಳೆ. ಇದೆಲ್ಲವನ್ನೂ ನೀವು ಒಂದೇ ವಾಕ್ಯದಲ್ಲಿ ದಾಟಿಬಿಟ್ಟಿದ್ದೀರಿ.

ನೀವು ನಿಂತು ನೋಡಬೇಕಾಗಿದ್ದುದು 1813ರಲ್ಲಿ ಆಕೆ ವಾಸವಾಗಿದ್ದ ಚಾಟನ್ ಹಳ್ಳಿಯ ಮನೆಯನ್ನು. ಆಕೆಯ ಕಾದಂಬರಿ ‘ಪ್ರೈಡ್ ಆ್ಯಂಡ್ ಪ್ರೆಜುಡಿಸ್’ ಅಚ್ಚಾಗಿ ಕೈಸೇರಿದ ದಿನವೇ, ಬರೆದವರು ಯಾರೆಂದು ತಿಳಿಯದ ನೆರೆಯಾಕೆಯೊಬ್ಬಳ ಮುಂದೆ ಮನೆಯವರು ಅದನ್ನು ಗಟ್ಟಿಯಾಗಿ ಓದಿದರು. ಎರಡನೆಯ ಸಂಜೆಯ ಓದು ಜೇನಳಿಗೆ ಅಷ್ಟು ಹಿಡಿಸಲಿಲ್ಲ. ತಾಯಿ ಅವಸರದಿಂದ ಓದುತ್ತಾರೆ, ಪಾತ್ರಗಳನ್ನು ಚೆನ್ನಾಗಿ ಬಲ್ಲರಾದರೂ ಅವು ಆಡಬೇಕಾದ ಹಾಗೆ ಮಾತನ್ನು ಆಡಲಾರರು ಎಂದು ಅಕ್ಕ ಕಸಾಂಡ್ರಾಳಿಗೆ ಬರೆದಳು. ಹನ್ನೆರಡರ ವಯಸ್ಸಿನಿಂದಲೇ ತಾನು ಬರೆದುದನ್ನು ಮನೆಮಂದಿಯ ಮುಂದಿಡುತ್ತ ಬಂದವಳ ಕಿವಿ ಅದು. ಅರ್ಥಧಾರಿಯ ಮಾತು ಪಾತ್ರಕ್ಕೆ ಒಪ್ಪಿತೇ ಎಂದು ತಾಳಮದ್ದಳೆಯ ಮಾರನೆಯ ದಿನವೂ ಜಗಲಿಯಲ್ಲಿ ವಾದಿಸುವ ನಮ್ಮ ಶಿರಸಿ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಿಮಗೂ ಇದು ಗೊತ್ತಿದೆ ಎಂಬುದಕ್ಕೆ ನಿಮ್ಮ ಕೊನೆಯ ಪುಟವೇ ಸಾಕ್ಷಿ. ಘಟ್ಟದ ಮೇಲಿನ ತವರುಮನೆಯಲ್ಲಿ, ಅಡಿಕೆ ಸುಲಿಯುವ ರಾತ್ರಿಗಳಲ್ಲಿ, ದೊಡ್ಡಾಯಿ ವಾರಪತ್ರಿಕೆಯ ಧಾರಾವಾಹಿ ಓದುತ್ತಿದ್ದುದನ್ನೂ, ಮೆಟ್ಟುಗತ್ತಿಗಳ ಸದ್ದು ನಿಂತಾಗ ಕಥೆ ಹಿಡಿಸಿದೆಯೆಂದು ಅವರಿಗೆ ತಿಳಿಯುತ್ತಿದ್ದುದನ್ನೂ ಬರೆದಿದ್ದೀರಿ. ಇಡೀ ಲೇಖನದಲ್ಲಿ ನೀವೇ ಕಂಡು, ಕೇಳಿ ಬರೆದ ಭಾಗ ಅದೊಂದೇ. ದಯವಿಟ್ಟು ಅದನ್ನು ಮೊದಲಿಗೆ ತನ್ನಿ. ಓದಿನ ನಡುವೆ ಯಾರು ಏನು ತಕರಾರು ತೆಗೆಯುತ್ತಿದ್ದರು, ದೊಡ್ಡಾಯಿ ಏನೆಂದು ಉತ್ತರಿಸುತ್ತಿದ್ದರು ಎಂಬುದನ್ನೂ ಬರೆಯಿರಿ. ‘ಅಲೌಕಿಕ’, ‘ಅಪ್ರತಿಮ’ಗಳು ತುಂಬಿದ ಮೊದಲ ಎರಡು ಪುಟಗಳನ್ನು ಪೂರ್ತಿ ಬಿಡಿ. ಕಳುಹಿಸುವ ಮುನ್ನ ಮನೆಯಲ್ಲಿ ಯಾರಿಗಾದರೂ ಒಮ್ಮೆ ಓದಿ ಹೇಳಿ. ಯುಗಾದಿಯೊಳಗೆ ತಲುಪಿದರೆ ಮುಂದಿನ ಸಂಚಿಕೆಗೆ ಪರಿಶೀಲಿಸುತ್ತೇನೆ.

ಸಂಪಾದಕ, ಶಿರಸಿ