ಅಪ್ಪ ಅಮೆರಿಕದ ಸಿಟಿಜನ್ ಆದ್ರೆ ಮಕ್ಕಳಿಗೆ ಬೇರೆ ಅರ್ಜಿ ಹಾಕ್ಬೇಕಾ?

ನಮಸ್ಕಾರ. ಮುಂದಿನ ತಿಂಗಳು ನಿಮ್ಮ ಓತ್ (ಸಿಟಿಜನ್ ಆಗೋಕೆ ತಗೊಳ್ಳೋ ಪ್ರಮಾಣವಚನ) ಇದೆ, ಮನೆಯವರದ್ದು ಇನ್ನೂ ಗ್ರೀನ್ ಕಾರ್ಡು (ಕಾಯಂ ವಾಸದ ಪರವಾನಗಿ), ಮಗಳಿಗೆ 17 ತುಂಬಿದೆ, ಅವಳಿಗೂ ಅರ್ಜಿ ಹಾಕ್ಬೇಕಾ, ಇಬ್ರೂ ಸಿಟಿಜನ್ ಆಗೋವರೆಗೂ ಕಾಯ್ಬೇಕಾ ಅಂತ ಕೇಳಿದೀರಿ. ಎರಡೂ ಬೇಡ. ನಿಮ್ಮ ಓತ್ ಮುಗಿದ ತಕ್ಷಣ ಅವಳೂ ಸಿಟಿಜನ್ ಆಗೇ ಹೋಗ್ತಾಳೆ, ಅವಳು ಓತ್ ತಗೊಳ್ಳೋದೂ ಬೇಡ, ಓತ್ ನಡೆಯೋ ಹಾಲ್‌ಗೆ ಬರೋದೂ ಬೇಡ.

ಇದು 2000ದ ಚೈಲ್ಡ್ ಸಿಟಿಜನ್‌ಶಿಪ್ ಆಕ್ಟ್, ಜಾರಿಗೆ ಬಂದಿದ್ದು 2001ರ ಫೆಬ್ರವರಿ 27ಕ್ಕೆ. ಅದಕ್ಕೂ ಮುಂಚೆ ಸಾಮಾನ್ಯವಾಗಿ ಅಪ್ಪ ಅಮ್ಮ ಇಬ್ರೂ ಆಗ್ಬೇಕಿತ್ತು, ಹಾಗಾಗಿ ಹಳಬರು ಈಗ್ಲೂ ಅದನ್ನೇ ಹೇಳ್ತಾರೆ, ಕೇಳ್ಬೇಡಿ. ಈಗ ಒಬ್ರಾದ್ರೆ ಸಾಕು. ಮಗುಗೆ 18 ತುಂಬಿರಬಾರದು, ಮದುವೆ ಆಗಿರಬಾರದು, ಗ್ರೀನ್ ಕಾರ್ಡ್ ಇರ್ಬೇಕು, ಅಮೆರಿಕದಲ್ಲೇ ನಿಮ್ಮ ಜೊತೆ ನಿಮ್ಮ ಕಸ್ಟಡಿಯಲ್ಲಿ ವಾಸ ಇರ್ಬೇಕು. ಯಾವುದು ಮೊದಲು ಯಾವುದು ಆಮೇಲೆ ಅನ್ನೋದು ಮುಖ್ಯ ಅಲ್ಲ, 18 ತುಂಬೋಕೆ ಮುಂಚೆ ಯಾವತ್ತೋ ಒಂದಿನ ಇವೆಲ್ಲ ಒಟ್ಟಿಗೆ ಇದ್ರೆ ಆಯ್ತು. ಎಚ್-4ನಲ್ಲಿ, ಅಂದ್ರೆ ಅಪ್ಪ ಅಮ್ಮನ ಕೆಲಸದ ವೀಸಾ ಮೇಲೆ ಸಿಗೋ ಅವಲಂಬಿತರ ವೀಸಾದಲ್ಲಿರೋ ಮಗುಗೆ ಮಾತ್ರ ಇದು ಬರಲ್ಲ, ಗ್ರೀನ್ ಕಾರ್ಡ್ ಕೈಗೆ ಬಂದ್ಮೇಲೇ. ಊರಲ್ಲಿ ಅಜ್ಜಿ ತಾತನ ಹತ್ರ ಪಿಯುಸಿ ಓದ್ತಿರೋ ಮಕ್ಕಳಿಗೂ ಹೀಗೆ ತಾನಾಗೇ ಸಿಗಲ್ಲ, ಅವರಿಗೆ ಎನ್-600ಕೆ ಅಂತ ಬೇರೆ ಅರ್ಜಿಯ ದಾರಿ ಇದೆ, ಅದರಲ್ಲಿ 18ರೊಳಗೆ ಎಲ್ಲಾ ಮುಗೀಬೇಕು. ಮಲಮಕ್ಕಳಾದ್ರೆ ಕಾನೂನು ಪ್ರಕಾರ ದತ್ತು ತಗೊಂಡಿರ್ಬೇಕು.

ನೀವು ದಯವಿಟ್ಟು ಗಮನ ಇಡ್ಬೇಕಾಗಿರೋದು ತಾರೀಕಿನ ಮೇಲೆ. ಲೆಕ್ಕಕ್ಕೆ ಬರೋದು ಓತ್ ತಗೊಂಡ ದಿನ, ಅರ್ಜಿ ಹಾಕಿದ ದಿನ ಅಲ್ಲ, ಇಂಟರ್‌ವ್ಯೂ ಪಾಸಾದ ದಿನಾನೂ ಅಲ್ಲ. ಮಗಳ ಹುಟ್ಟುಹಬ್ಬ ಹತ್ರ ಇದ್ರೆ ಯಾವ ಕಾರಣಕ್ಕೂ ಓತ್ ಮುಂದಕ್ಕೆ ಹಾಕಿಸ್ಬೇಡಿ, ಊರಲ್ಲಿ ಮದುವೆ ಇದ್ರೂ ಸರಿ. ಒಂದು ದಿನ ತಪ್ಪಿದ್ರೂ ಅವಳು ಮುಂದೆ ತಾನೇ ಎನ್-400 ಅನ್ನೋ ಸಿಟಿಜನ್‌ಶಿಪ್ ಅರ್ಜಿ ಹಾಕಿ ಪರೀಕ್ಷೆ ಬರೆದು ಬರ್ಬೇಕಾಗತ್ತೆ. ಹಾಗೆ ತಪ್ಪಿಹೋದ ಮಕ್ಕಳ ಬಗ್ಗೆ ನಂಗೆ ನಿಜವಾಗ್ಲೂ ಭಯ, ಯಾಕಂದ್ರೆ ಮನೇಲಿ ಎಲ್ರೂ ಇವನೂ ಸಿಟಿಜನ್ನೇ ಅಂದ್ಕೊಂಡಿರ್ತಾರೆ, ಡ್ರೈವಿಂಗ್ ಲೈಸೆನ್ಸ್ ಮಾಡ್ಸುವಾಗ ವೋಟರ್ ರಿಜಿಸ್ಟ್ರೇಶನ್ ಫಾರ್ಮಲ್ಲಿ ಹುಡುಗ ಸಿಟಿಜನ್ ಅಂತ ಟಿಕ್ ಮಾಡ್ಬಿಡ್ತಾನೆ, ಆ ಒಂದು ಟಿಕ್ ಡಿಪೋರ್ಟೇಶನ್‌ಗೆ ಕಾರಣ ಆಗ್ಬಹುದು.

ಮಗಳು ಸಿಟಿಜನ್ ಆದ್ಮೇಲೂ ಯಾರೂ ಮನೆಗೆ ಕಾಗದ ಕಳಿಸಲ್ಲ, ಪುರಾವೆ ನೀವೇ ಮಾಡಿಸ್ಕೋಬೇಕು. ನಾವು ಮಗನಿಗೆ ಮೊದಲು ಅಮೆರಿಕದ ಪಾಸ್‌ಪೋರ್ಟ್ ಮಾಡಿಸಿದ್ವಿ, ನಿಮಗೂ ಅದೇ ಹೇಳ್ತೀನಿ. ಡಿಎಸ್-11 ಫಾರ್ಮ್, ಅವಳ ಗ್ರೀನ್ ಕಾರ್ಡ್, ಬರ್ತ್ ಸರ್ಟಿಫಿಕೇಟ್, ನಿಮ್ಮ ನ್ಯಾಚುರಲೈಸೇಶನ್ ಸರ್ಟಿಫಿಕೇಟ್ (ಓತ್ ಆದ್ಮೇಲೆ ನಿಮಗೆ ಸಿಗೋ ಸಿಟಿಜನ್ ಪತ್ರ) ಒರಿಜಿನಲ್, ಜೊತೆಗೆ ನಿಮ್ಮ ಮದುವೆ ಸರ್ಟಿಫಿಕೇಟ್ ತಗೊಂಡೋಗಿ. 16 ದಾಟಿದೋರಿಗೆ ಒಟ್ಟು 165 ಡಾಲರ್, ಹತ್ತು ವರ್ಷ ಬರತ್ತೆ. ಆಮೇಲೆ ಕೈಯಲ್ಲಿ ದುಡ್ಡಿದ್ದಾಗ ಎನ್-600 ಹಾಕಿ ಸಿಟಿಜನ್‌ಶಿಪ್ ಸರ್ಟಿಫಿಕೇಟೂ ತಗೊಳ್ಳಿ. 2024ರ ಏಪ್ರಿಲ್‌ನಿಂದ ಪೇಪರ್ ಅರ್ಜಿಗೆ 1385 ಡಾಲರ್ ಆಗಿದೆ, ಜಾಸ್ತೀನೇ, ಆದ್ರೆ ಆ ಸರ್ಟಿಫಿಕೇಟ್‌ಗೆ ಎಕ್ಸ್‌ಪೈರಿ ಇಲ್ಲ, 18 ದಾಟಿದ ಮೇಲೂ ಹಾಕ್ಬಹುದು.

ನಮ್ಮ ಕಡೆಯೋರಿಗೆ ತೊಂದ್ರೆ ಬರೋದು ಬರ್ತ್ ಸರ್ಟಿಫಿಕೇಟಲ್ಲಿ. ಕೆಲವದರಲ್ಲಿ ಮಗು ಹೆಸರೇ ಇರಲ್ಲ, ಹೆಸರು ಇಡೋಕೆ ಮುಂಚೆ ರಿಜಿಸ್ಟರ್ ಆಗಿರತ್ತೆ. ಅಪ್ಪನ ಹೆಸರು ಅಲ್ಲಿ ಬರೀ ಇನಿಶಿಯಲ್ಲು, ಪಾಸ್‌ಪೋರ್ಟಲ್ಲಿ ಪೂರ್ತಿ ಬಿಡಿಸಿ ಬರೆದಿರತ್ತೆ. ಬರೀ ಕನ್ನಡದಲ್ಲಿದ್ರೆ ಸರ್ಟಿಫೈಡ್ ಇಂಗ್ಲಿಷ್ ಅನುವಾದ ಬೇಕು. ಇವತ್ತೇ ತೆಗೆದು ನೋಡಿ, ತಿದ್ದಿಸೋದಿದ್ರೆ ಊರಲ್ಲಿ ಯಾರಿಗಾದ್ರೂ ಹೇಳಿ ಈಗ್ಲೇ ಶುರು ಮಾಡ್ಸಿ.

ಇನ್ನು ಸೋಶಿಯಲ್ ಸೆಕ್ಯುರಿಟಿ ಆಫೀಸಲ್ಲಿ ಅವಳ ರೆಕಾರ್ಡ್ ಸಿಟಿಜನ್ ಅಂತ ಬದಲಾಯಿಸ್ಕೊಳ್ಳಿ. ಭಾರತದ ಪಾಸ್‌ಪೋರ್ಟಲ್ಲಿ ಆಮೇಲೆ ಓಡಾಡ್ಬೇಡಿ, ನಿಮ್ಮದು ಅವಳದು ಎರಡೂ ಸರೆಂಡರ್ ಮಾಡಿ ಒಸಿಐಗೆ (ಬೇರೆ ದೇಶದ ಸಿಟಿಜನ್ ಆದ ಭಾರತ ಮೂಲದವರಿಗೆ ಭಾರತ ಕೊಡೋ ಕಾರ್ಡು) ಹಾಕಿ, ಅದಕ್ಕೆ ಟೈಮ್ ಹಿಡಿಯತ್ತೆ, ಬೇಸಿಗೆ ರಜೆಗೆ ಊರಿಗೆ ಟಿಕೆಟ್ ಮಾಡೋ ಯೋಚನೆ ಇದ್ರೆ ಈ ಕೆಲಸ ಮೊದಲು ಮುಗಿಸ್ಕೊಳ್ಳಿ.